ಕಲ್ಲೇಡಿಯ ಮಡಿಲು

ಪ್ರಾಕ್ಟಿಕಲ್ ಪರೀಕ್ಷೆಯ ದಿನ ನಮ್ಮ ಪ್ರಯೋಗಾಲಯದ ಅಟೆಂಡರ್ ಅಕ್ಕನಿಗೆ ಇಲ್ಲದ ಕಾಯಿಲೆಗಳೆಲ್ಲ ಬರುತ್ತಿದ್ದವು. ಮೇಜಿನ ಮೇಲೆ ಸಾಲಾಗಿಟ್ಟ ಜಾಡಿಗಳ ಮುಂದೆ ಹುಡುಗರು ಒಬ್ಬೊಬ್ಬರಾಗಿ ನಿಂತು ಒಳಗಿರುವ ಪ್ರಾಣಿಯ ಹೆಸರು ಬರೆಯಬೇಕು. ಮೈಸೂರಿನಿಂದ ಬಂದ ಪರೀಕ್ಷಕರು ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಯಾವನಾದರೂ ಜಿಗಣೆಯ ಜಾಡಿಯ ಮುಂದೆ ಪೆನ್ನು ಕಚ್ಚುತ್ತ ನಿಂತರೆ ಅಕ್ಕ ಬಗ್ಗಿ ಪರಪರ ಕಾಲು ಕೆರೆದುಕೊಳ್ಳುತ್ತಿದ್ದರು. ನಕ್ಷತ್ರಮೀನಿನ ಮುಂದೆ ತಡವರಿಸಿದರೆ ಐದು ಬೆರಳನ್ನೂ ಅಗಲಿಸಿ ಕತ್ತು ಸವರಿಕೊಳ್ಳುತ್ತಿದ್ದರು. ಒಂದು ವರ್ಷ ಪರೀಕ್ಷಕರೊಬ್ಬರು, "ಏನಮ್ಮ, ಮೈಗೆ ಹುಷಾರಿಲ್ವಾ?" ಎಂದು ಕೇಳಿದರು.

"ವಯಸ್ಸಾಯ್ತಲ್ಲ ಸಾ, ಎಲ್ಲಾ ಕಡೆ ಕಡಿತದೆ."

ಪರೀಕ್ಷಕರು ಮರುಕಪಟ್ಟು ಅವರನ್ನು ಮನೆಗೆ ಕಳಿಸಿಬಿಟ್ಟರು. ಆ ವರ್ಷ ಜಿಗಣೆಯನ್ನು ಯಾರೂ ಗುರುತಿಸಲಿಲ್ಲ.

ಅಕ್ಕ ಹೋದ ತಿಂಗಳು ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ಅವರ ಬಗ್ಗೆ ನಾಲ್ಕು ಸಾಲು ಬರೆಯೋಣವೆಂದು ಕೂತೆ. ದುಃಖದ ಸಾಲು ಒಂದೂ ಬರಲೊಲ್ಲದು. ನೆನೆಸಿಕೊಂಡರೆ ನಗುವೇ ಮುಂದೆ ಬಂದು ನಿಲ್ಲುತ್ತದೆ. ತಪ್ಪು ನನ್ನದಲ್ಲ, ಅವರದೇ.

ಅವರದು ಕೆ.ಆರ್. ನಗರದ ಕಡೆ ನಾಲೆಯ ದಂಡೆಯ ಹಳ್ಳಿ. ಗಂಡನ ಜೊತೆ ಹುಣಸೂರಿಗೆ ಬಂದು ನಿಂತವರು ಮತ್ತೆ ಆ ಊರಿನ ದಿಕ್ಕಿಗೆ ಹೋಗಲಿಲ್ಲ. ಗಂಡ ನಮ್ಮ ಕಾಲೇಜಿನಲ್ಲಿ ಅಟೆಂಡರ್. ಅಕ್ಕ ಹೊಗೆಸೊಪ್ಪಿನ ಕಾಲದಲ್ಲಿ ಸೊಪ್ಪು ಬೇಯಿಸುವ ಮನೆಗಳಾದ ಬ್ಯಾರನ್ನುಗಳಿಗೆ ಹೋಗಿ, ಬೇಯಿಸಿ ಒಣಗಿಸಿದ ಎಲೆಗಳನ್ನು ಗ್ರೇಡ್ ಮಾಡುತ್ತಿದ್ದರು. ನಿಂಬೆ ಬಣ್ಣದ್ದು ಒಂದು ಕಡೆ, ಕಿತ್ತಳೆಯದು ಒಂದು ಕಡೆ, ಮಚ್ಚೆ ಬಿದ್ದದ್ದು ಇನ್ನೊಂದು ಕಡೆ. ಪಿರಿಯಾಪಟ್ಟಣದಿಂದ ಹುಣಸೂರಿನವರೆಗೆ ಅವರ ಕೈ ಹತ್ತದ ಬ್ಯಾರನ್ ಇರಲಿಲ್ಲವಂತೆ. ಗಂಡ ಹೃದಯಾಘಾತದಿಂದ ತೀರಿಕೊಂಡಾಗ ಅನುಕಂಪದ ಮೇಲೆ ಅದೇ ಕೆಲಸ ಇವರಿಗೆ ಬಂತು. ಅಲ್ಲಿ ಎಲೆ, ಇಲ್ಲಿ ಜಾಡಿ. "ಬ್ಯಾರೆ ಏನಿಲ್ಲ ಬುಡಿ, ಯಾವ್ದು ಎಲ್ಲಿರ್ಬೇಕೋ ಅಲ್ಲಿರ್ಬೇಕು, ಅಷ್ಟೆಯ," ಎನ್ನುತ್ತಿದ್ದರು. ಮುಂದೆ ನಾನು ಓದಿದ ವರ್ಗೀಕರಣಶಾಸ್ತ್ರದ ದಪ್ಪ ಪುಸ್ತಕಗಳು ಇದನ್ನೇ ಬಹಳ ಸುತ್ತಿ ಹೇಳಿದವು.

ನಾನು ಆ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಸೇರಿದಾಗ ನನ್ನ ಜೊತೆ ಎರಡು ಪೆಟ್ಟಿಗೆ ಕಲ್ಲುಗಳೂ ಬಂದವು. ನನ್ನ ಪಿಎಚ್.ಡಿ. ಕೆಲಸ ಪಳೆಯುಳಿಕೆಯಾದ ಏಡಿಗಳ ಮೇಲೆ. ಹುಣಸೂರು, ಎಚ್.ಡಿ. ಕೋಟೆ ಸುತ್ತಿನ ಬಂಡೆಗಳಲ್ಲಿ ಏಡಿ ಹುಡುಕುವುದು ದಂಡ. ಈ ಬಂಡೆಗಳಾದಾಗ ಲೋಕದಲ್ಲಿ ಏಡಿಯೂ ಇರಲಿಲ್ಲ, ಮೀನೂ ಇರಲಿಲ್ಲ. ನನ್ನವು ಕೇರಳದ ಕೊಲ್ಲಂ ಕಡೆಯ ಹಿನ್ನೀರಿನ ದಡದ ಸುಣ್ಣಕಲ್ಲಿನಲ್ಲಿ ಸಿಕ್ಕಿದವು. ಕೋಟಿಗೂ ಮಿಕ್ಕಿ ವರ್ಷಗಳ ಹಿಂದೆ ಅಲ್ಲಿ ಸಮುದ್ರವಿತ್ತು. ಪಿರಿಯಾಪಟ್ಟಣದ ನಮ್ಮ ಬಾಡಿಗೆ ಮನೆಯಲ್ಲಿ ಜಾಗವಿಲ್ಲದೆ ಪೆಟ್ಟಿಗೆಗಳನ್ನು ಪ್ರಯೋಗಾಲಯದಲ್ಲೇ ಇಟ್ಟುಕೊಂಡಿದ್ದೆ. ಪಾಠ ಮುಗಿದ ಮೇಲೆ ಕೊನೆಯ ಬಸ್ಸಿನವರೆಗೆ ಭೂತಗನ್ನಡಿ ಹಿಡಿದು ಕೂರುತ್ತಿದ್ದೆ. ಅಕ್ಕ ಬೀಗದ ಕೈ ಹಿಡಿದು ಕಾಯುತ್ತಿದ್ದರು.

ಸುಮ್ಮನೆ ಕಾಯುವ ಜೀವವಲ್ಲ ಅದು. ನಾಲ್ಕನೆಯ ದಿನವೋ ಐದನೆಯ ದಿನವೋ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಂದು ಕಲ್ಲು ಎತ್ತಿಕೊಂಡರು. ಕಣ್ಣಿಗೆ ಹಿಡಿಯಲಿಲ್ಲ. ಮೊದಲು ಹೆಬ್ಬೆರಳಿನಿಂದ ಸವರಿದರು. ಅವರದು ಯಾವಾಗಲೂ ಹಾಗೆಯೇ, ಮೊದಲು ಕೈ, ಆಮೇಲೆ ಕಣ್ಣು.

"ಮೇಡಮ್ಮೋರೆ, ಇದು ಸತ್ತಿರೋ ಏಡಿ ಅಲ್ಲ."

"ಕೋಟಿ ವರ್ಷ ಆಗಿದೆ ಅಕ್ಕ. ಇನ್ನೂ ಬದುಕಿದೆಯಾ?"

"ಅಂಗಲ್ಲ. ಇದು ಅಂಗಿ ಬಿಚ್ಚಾಕಿ ಒಂಟೋಗದೆ. ನೋಡಿ, ಇಂದ್ಗಡೆ ಬಾಗ್ಲು ತೆಕ್ಕಂಡದೆ. ನಮ್ ಗದ್ದೆ ಏಡಿನೂ ಇಂಗೇ ಬಿಚ್ಚೋದು."

ಕಲ್ಲನ್ನು ಕಿತ್ತುಕೊಂಡು ನೋಡಿದೆ. ಬೆನ್ನಿನ ಚಿಪ್ಪು ಹಿಂಭಾಗದಲ್ಲಿ ಮೇಲೆದ್ದಿತ್ತು. ಏಡಿ ಪೊರೆ ಕಳಚುವುದು ಹಾಗೆಯೇ ಎಂದು ಪುಸ್ತಕದಲ್ಲಿ ಓದಿದ್ದೆ. ಆದರೆ ನನ್ನ ನೋಟ್ ಪುಸ್ತಕದಲ್ಲಿ ಅದರ ಮುಂದೆ "ಮರಣಾನಂತರ ಒತ್ತಡದಿಂದ ವಿರೂಪ" ಎಂದು ದೊಡ್ಡದಾಗಿ ಬರೆದಿದ್ದೆ. ಆ ಸಾಲನ್ನು ಹೊಡೆದುಹಾಕಿದೆ. ಅಕ್ಕ ಕಿಟಕಿ ಮುಚ್ಚುತ್ತ, "ಏಡಿ ತಿನ್ನದಿರೋರ್ ಮನೇಲಿ ಹುಟ್ಟಿ ಏಡಿ ಓದ್ತೀರಲ್ಲ, ನಿಮ್ ಧೈರ್ಯ ಮೆಚ್ಚಬೇಕು," ಎಂದರು. ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ಹೊಸ್ತಿಲು ದಾಟಿರಲಿಲ್ಲ. ಅದನ್ನು ಅವರಿಗೆ ಯಾರು ಹೇಳಿದರೋ ಗೊತ್ತಿಲ್ಲ.

ಆ ದಿನದಿಂದ ನಾನು ಸ್ವಲ್ಪ ಬಿಗಿಯಾದೆ. ಎಂ.ಎಸ್ಸಿ. ಪದಕ ತೆಗೆದುಕೊಂಡವಳಿಗೆ ಅಟೆಂಡರ್ ಪಾಠ ಹೇಳುವುದೆಂದರೆ! ಅಕ್ಕ ಏನಾದರೂ ಹೇಳಿದರೆ "ಹೂಂ, ನೋಡೋಣ" ಎಂದು ಮುಖ ತಿರುಗಿಸುತ್ತಿದ್ದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಬೇರೆ ದಾರಿ ಹಿಡಿದರು.

ಒಂದು ಸೋಮವಾರ ನನ್ನ ತಟ್ಟೆಯಲ್ಲಿ ಮುಂಚೆ ನೋಡಿರದ ಒಂದು ತುಂಡು ಕಂಡಿತು. ಕೆಂಪು ಛಾಯೆಯ ಕಲ್ಲು, ಮಧ್ಯದಲ್ಲಿ ಅಚ್ಚೊತ್ತಿದಂಥ ಏಡಿಯ ಬೆನ್ನು. ಪಕ್ಕದಲ್ಲಿ ನನ್ನದೇ ಅಳತೆಯ ಚೀಟಿ, ಅದರ ಮೇಲೆ ಒಂದು ಸಂಖ್ಯೆ. ಪೆಟ್ಟಿಗೆಯ ತಳದಲ್ಲಿ ಉಳಿದಿದ್ದು ಇರಬೇಕು ಎಂದುಕೊಂಡೆ. ಎರಡು ದಿನ ಅಳೆದೆ, ಚಿತ್ರ ಬರೆದೆ. ಸಮುದ್ರದ ಏಡಿಗೂ ಸಿಹಿನೀರಿನ ಏಡಿಗೂ ನಡುವಿನ ಕೊಂಡಿ ಸಿಕ್ಕಿತೆಂದು ಒಂದೂವರೆ ಪುಟ ಟಿಪ್ಪಣಿ ಮಾಡಿದೆ. ಮೈಸೂರಿನ ನನ್ನ ಗೈಡಿಗೆ ಫೋಟೋ ಕಳಿಸಲು ಫೋನು ಎತ್ತಿಕೊಂಡಾಗ ಅಕ್ಕ ಹಿಂದಿನಿಂದ ಹೇಳಿದರು.

"ಕಳುಸ್ಬ್ಯಾಡಿ ಮೇಡಮ್ಮೋರೆ. ಅದು ನಮ್ಮನೆ ಒಲೇದು."

ಲಕ್ಷ್ಮಣತೀರ್ಥ ಹೊಳೆಯ ದಡದಲ್ಲಿ ಹಿಡಿದ ಏಡಿಯ ಸಾರು ತಿಂದು, ಉಳಿದ ಚಿಪ್ಪನ್ನು ಜೇಡಿಮಣ್ಣಿಗೆ ಒತ್ತಿ, ಒಲೆಯ ಕೆಂಡದಲ್ಲಿ ಸುಟ್ಟಿದ್ದರು.

"ಯಾಕಕ್ಕ ಹಿಂಗೆ ಮಾಡಿದ್ರಿ?"

"ನೀವು ಕಲ್ಲ ನೋಡ್ತೀರೋ ಚೀಟಿ ನೋಡ್ತೀರೋ ಅಂತ ನೋಡ್ದೆ. ಚೀಟಿ ನೋಡ್ತೀರಿ."

ಮೂರು ದಿನ ಮಾತು ಬಿಟ್ಟೆ. ನಾಲ್ಕನೆಯ ದಿನ ಮಾತಾಡಲೇಬೇಕಾಯಿತು, ಬೀಗದ ಕೈ ಅವರ ಹತ್ತಿರವಿತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನನ್ನ ಸುಣ್ಣಕಲ್ಲಿನಲ್ಲಿ ಒಂದೇ ಪದರದಿಂದ ತೆಗೆದ ಇಪ್ಪತ್ತಾರು ಏಡಿಗಳಿದ್ದವು. ಎಲ್ಲವೂ ಬೆನ್ನು ಮೇಲೆ ಮಾಡಿ ಕಲ್ಲಿನಲ್ಲಿ ಹೂತುಕೊಂಡಿದ್ದವು, ಹೊಟ್ಟೆಯ ಭಾಗ ಕಾಣುತ್ತಿರಲಿಲ್ಲ. ಐದು ಏಡಿಗಳ ಬೆನ್ನು ಕಿರಿದು, ಕೊಂಡಿ, ಅಂದರೆ ಮುಂದಿನ ಇಕ್ಕಳಗಾಲು, ದೊಡ್ಡದು. ಉಳಿದ ಇಪ್ಪತ್ತೊಂದರ ಬೆನ್ನು ಅಗಲ, ಕೊಂಡಿ ಸಣ್ಣದು. ಇವು ಎರಡು ಬೇರೆ ಬೇರೆ ಪ್ರಭೇದ, ಎರಡೂ ಲೋಕಕ್ಕೆ ಹೊಸವು ಎಂದು ನನ್ನ ಗೈಡ್ ತೀರ್ಮಾನಿಸಿದ್ದರು. ಅವರು ಜೀವಮಾನವಿಡೀ ಪಳೆಯುಳಿಕೆ ನೋಡಿದವರು, ಮಾತು ಕಡಿಮೆ, ಗತ್ತು ಹೆಚ್ಚು. ಒಂದು ಸಮ್ಮೇಳನಕ್ಕೆ ಎರಡು ಹೊಸ ಪ್ರಭೇದಗಳೆಂದು ಸಾರಾಂಶ ಕಳಿಸಿಯೂ ಆಗಿತ್ತು. ಒಂದು ಥೀಸಿಸ್‌ನಲ್ಲಿ ಎರಡು ಹೊಸ ಪ್ರಭೇದ ಎಂದರೆ ನನ್ನಂಥ ಅತಿಥಿ ಉಪನ್ಯಾಸಕಿಗೆ ಕಾಯಂ ಕೆಲಸದ ಬಾಗಿಲು ಅರ್ಧ ತೆರೆದಂತೆ.

ಅಕ್ಕ ಒಂದು ಸಂಜೆ ಕಸ ಗುಡಿಸುತ್ತ ನನ್ನ ಎರಡು ತಟ್ಟೆಗಳ ಮುಂದೆ ನಿಂತರು.

"ಇವ್ನ ಯಾಕೆ ಬ್ಯಾರೆ ಬ್ಯಾರೆ ಇಕ್ಕಿದ್ದೀರಿ?"

"ಬೇರೆ ಜಾತಿಯವು ಅಕ್ಕ."

"ಮೊಗುಚಿ ನೋಡಿದ್ರಾ?"

"ಆಗಲ್ಲ. ಹೊಟ್ಟೆ ಕಲ್ಲಿನೊಳಗಿದೆ. ಕೆತ್ತಿದರೆ ಒಡೆದುಹೋಗುತ್ತೆ. ನಮ್ಮ ಸರ್ ಬೇಡ ಅಂದಿದ್ದಾರೆ."

"ಮೊಗುಚ್ದೆ ಏಡಿ ಮಾತು ಆಡ್ಬಾರ್ದು," ಎಂದು ಪೊರಕೆ ಎತ್ತಿಕೊಂಡು ಹೋದರು.

ಆ ಭಾನುವಾರ ನನ್ನನ್ನು ತಮ್ಮ ಮನೆಗೆ ಕರೆದರು. ಒಲೆಯ ಮೇಲೆ ಏಡಿ ಸಾರು ಕುದಿಯುತ್ತಿತ್ತು. ಪಕ್ಕದ ಬುಟ್ಟಿಯಲ್ಲಿ ಇನ್ನೂ ಜೀವವಿದ್ದವು ಹರಿದಾಡುತ್ತಿದ್ದವು. ಅಕ್ಕ ಒಂದನ್ನು ಎತ್ತಿ ಅಂಗಾತ ಮಾಡಿದರು. ಹೊಟ್ಟೆಗೆ ಅಂಟಿಕೊಂಡಂತೆ ಕಿರಿದಾದ, ಮೂರು ಮೂಲೆಯ ಪಟ್ಟಿ. "ಇದು ಗಂಡು." ಇನ್ನೊಂದನ್ನು ತಿರುಗಿಸಿದರು. ಅದರ ಪಟ್ಟಿ ಅಂಗೈ ಹಾಗೆ ಅಗಲ, ಹೊಟ್ಟೆಯನ್ನೆಲ್ಲ ಮುಚ್ಚಿತ್ತು. "ಇದು ಹೆಣ್ಣು. ಇದ್ಕೆ ಮಡ್ಲು ಅಂತೀವಿ. ಮರಿ ಎಲ್ಲಾ ಇದ್ರೊಳ್ಗೇ ಇಕ್ಕಂಡು ತಿರುಗ್ತದೆ, ಪಾಪ." ಪಟ್ಟಿಯನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದರು. ಎಳ್ಳಿನ ಗಾತ್ರದ ಮರಿಗಳು ಗಿಜಿಗಿಜಿ ಎಂದವು. ಆ ಏಡಿಯನ್ನು ಬೇರೆ ಪಾತ್ರೆಯಲ್ಲಿ ಬಿಟ್ಟರು. ಸಂಜೆ ಹೊಳೆಗೆ ವಾಪಸ್ಸು ಬಿಟ್ಟು ಬಂದರಂತೆ.

ಗಂಡು ಹೆಣ್ಣಿನ ಹೊಟ್ಟೆಯ ಪಟ್ಟಿಯ ವ್ಯತ್ಯಾಸ ನನಗೆ ಗೊತ್ತಿರದ ಸಂಗತಿಯಲ್ಲ. ಪ್ರತಿವರ್ಷ ಹಲಗೆಯ ಮೇಲೆ ಅದರ ಚಿತ್ರ ಬರೆದು ಪಾಠ ಮಾಡುತ್ತಿದ್ದೆ. ನನ್ನ ಕಲ್ಲುಗಳ ಮೇಲೆ ಅದನ್ನು ಹಚ್ಚಿ ನೋಡುವ ಮನಸ್ಸಿರಲಿಲ್ಲ, ಅಷ್ಟೆ. ನೋಡಿದರೆ ಎರಡು ಹೋಗಿ ಒಂದಾಗುತ್ತಿತ್ತು. ಅವತ್ತು ಸಾರು ಮಾತ್ರ ಹಾಕಿಸಿಕೊಂಡು ಮುದ್ದೆ ಉಂಡೆ. ತುಂಡಿಗೆ ಕೈ ಹಾಕಲಿಲ್ಲ. ಅಕ್ಕ ನೋಡಿಯೂ ನೋಡದಂತಿದ್ದರು. ಕೈ ತೊಳೆಯಲು ನೀರು ಹಾಕುವಾಗ, "ಸಾರು ಒಳಕ್ಕೋಯ್ತಲ್ಲ, ಇನ್ ಏಡಿಗೂ ನಿಮ್ಗೂ ನೆಂಟಸ್ತಿಕೆ ಆಯ್ತು. ಸುಳ್ ಹೇಳ್ಬ್ಯಾಡಿ," ಎಂದರು.

ಮಾರನೆಯ ದಿನ ಗೈಡಿಗೆ ಹೇಳದೆ ಕೆಲಸ ಶುರು ಮಾಡಿದೆ. ಅಗಲ ಬೆನ್ನಿನ ಒಂದು ಏಡಿಯ ಮೇಲ್ಭಾಗಕ್ಕೆ ಮೇಣ ಕಾಯಿಸಿ ಹೊಯ್ದು ಭದ್ರ ಮಾಡಿ, ತಿರುಗಿಸಿ, ಸೂಜಿಯಿಂದ ಹೊಟ್ಟೆಯ ಕಡೆಯ ಕಲ್ಲನ್ನು ಕೆರೆಯತೊಡಗಿದೆ. ಮೂರನೆಯ ದಿನ ಅದು ಟಪ್ ಎಂದು ಎರಡು ತುಂಡಾಯಿತು. ನಾನು ಅತ್ತುಬಿಟ್ಟೆ. ಅಕ್ಕ ತುಂಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಅಳೋದು ಆಮೇಲೆ ಅಳೀರಂತೆ. ಅರ್ಧ ಮಡ್ಲು ಕಾಣ್ತಾ ಅದೆ ನೋಡಿ."

ಕಾಣುತ್ತಿತ್ತು. ಇನ್ನೆರಡು ಏಡಿಗಳನ್ನು ಹೀಗೆಯೇ ಕೆರೆದೆ. ಈ ಸಲ ಒಡೆಯಲಿಲ್ಲ. ಅಗಲ ಬೆನ್ನಿನದಕ್ಕೆ ಅಂಗೈಯಂಥ ಪಟ್ಟಿ. ಕಿರಿದಾದುದಕ್ಕೆ ಮೂರು ಮೂಲೆಯ ಪಟ್ಟಿ. ಅನುಮಾನಕ್ಕೆ ಎಡೆಯೇ ಇರಲಿಲ್ಲ.

ಫೋನಿನಲ್ಲಿ ಹೇಳಿದಾಗ ಗೈಡ್ ಅಳತೆಗಳನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ, "ಮೂರು ಏಡಿ ಕೆರೆದು ಇಪ್ಪತ್ತಾರಕ್ಕೆ ತೀರ್ಪು ಕೊಡ್ತೀಯಾ? ಗಂಡು ಹೆಣ್ಣಿಗೆ ಇಷ್ಟು ವ್ಯತ್ಯಾಸ ಇರೋದಿಲ್ಲ. ಯಾರು ಹೇಳಿದ್ದು ನಿನಗೆ?" ಎಂದರು. ನಾನು ಅಕ್ಕನ ವಿಷಯ ಹೇಳಿದೆ. ಹೇಳಬಾರದಿತ್ತೇನೋ. ಮುಂದಿನ ಶನಿವಾರವೇ ಅವರು ಹುಣಸೂರಿಗೆ ಬಂದಿಳಿದರು.

ಅಕ್ಕ ಆ ದಿನ ಹೊಸ ಸೀರೆ ಉಟ್ಟಿದ್ದರು. ಗೈಡಿಗೆ ಕಾಫಿ ಕೊಟ್ಟು, "ಸಾ, ಒಂದ್ ಸಣ್ ಪರೀಕ್ಷೆ. ಬೇಜಾರ್ ಮಾಡ್ಕಬ್ಯಾಡಿ," ಎಂದು ಮುಚ್ಚಿದ ತಟ್ಟೆಯೊಂದನ್ನು ತಂದಿಟ್ಟರು. ತೆಗೆದು ನೋಡಿದರೆ ಒದ್ದೆ ಮರಳು. ಮರಳಿನಲ್ಲಿ ಎಂಟು ಜೀವಂತ ಏಡಿಗಳನ್ನು ಬಾಳೆನಾರಿನಲ್ಲಿ ಕಟ್ಟಿ, ಬೆನ್ನು ಮತ್ತು ಕೊಂಡಿ ಮಾತ್ರ ಕಾಣುವ ಹಾಗೆ ಹೂತಿದ್ದರು. ಥೇಟ್ ನನ್ನ ಸುಣ್ಣಕಲ್ಲಿನಂತೆಯೇ. ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಬೆಳಗಿನ ಜಾವ ಹೊಳೆಗಿಳಿದು ಅಷ್ಟನ್ನೂ ಹಿಡಿದು ತಂದಿದ್ದರು.

"ನಿಮ್ ಕಲ್ ನೋಡ್ದಂಗೇ ಇವುನ್ನೂ ನೋಡಿ, ಜಾತಿ ಬ್ಯಾರೆ ಬ್ಯಾರೆ ಮಾಡಿ ಸಾ."

ಗೈಡ್ ನಕ್ಕರು. ಆದರೆ ಪಟ್ಟು ಹಿಡಿದವರ ಹಾಗೆ ಕನ್ನಡಕ ಏರಿಸಿಕೊಂಡು ಬಗ್ಗಿದರು. ಅಭ್ಯಾಸ ಬಲ ನೋಡಿ, ಎರಡೇ ನಿಮಿಷದಲ್ಲಿ ಅವರು ಏಡಿ ಮರೆತರು, ಗಂಡು ಹೆಣ್ಣು ಮರೆತರು. ಬೆನ್ನಿನ ಅಗಲ, ಕೊಂಡಿಯ ಉದ್ದ, ಅಂಚಿನ ಬಾಗು ಎಲ್ಲವನ್ನೂ ಅಳೆದು, "ಇವು ಮೂರು ಒಂದು, ಈ ಐದು ಇನ್ನೊಂದು. ಸ್ಪಷ್ಟವಾಗಿದೆ," ಎಂದರು.

ಅಕ್ಕ ಒಂದೊಂದಾಗಿ ಮರಳಿನಿಂದ ಎತ್ತಿ ಅಂಗಾತ ಇಟ್ಟರು. ಮೂರು ಗಂಡು, ಐದು ಹೆಣ್ಣು. ಎಂಟೂ ಒಂದೇ ಹೊಳೆಯ ಒಂದೇ ಏಡಿ.

"ಗಂಡ ಹೆಂಡ್ತೀನ ಬ್ಯಾರೆ ಬ್ಯಾರೆ ಜಾತಿ ಮಾಡ್ಬುಟ್ರಲ್ಲ ಸಾ. ಅಂಗೇನಾರ ಆಗಿದ್ರೆ ಒಂದೇ ತಾವು ಬಾಳಾಕೆ ಬುಡ್ತಿದ್ರಾ? ನಮ್ಮುನ್ನ ಬುಡ್ನಿಲ್ಲ."

ನಗುತ್ತಲೇ ಹೇಳಿದರು. ನಾನೂ ಅರ್ಧ ನಕ್ಕು ನಿಲ್ಲಿಸಿದೆ. ನಾಲೆಯ ದಂಡೆಯ ಊರಿಗೆ ಅವರು ಯಾಕೆ ಹಿಂದಿರುಗಲಿಲ್ಲ ಎಂಬುದು ನನಗೆ ತಿಳಿದದ್ದು ಆಗ. ಮದುವೆಯಾದ ವಾರಕ್ಕೇ ಊರವರು ಸೇರಿ ಇಬ್ಬರನ್ನೂ ಹೊರಹಾಕಿದ್ದರು. ಅವ್ವನ ಮಣ್ಣಿಗೂ ಬಿಟ್ಟುಕೊಂಡಿರಲಿಲ್ಲ. ಯಾಕೆಂದು ನಾನು ಕೇಳಿದಾಗ ಇಷ್ಟನ್ನು ಎರಡು ಮಾತಿನಲ್ಲಿ ಹೇಳಿ, ಏಡಿಗಳ ಕಟ್ಟು ಬಿಚ್ಚತೊಡಗಿದರು.

ಗೈಡ್ ಕಾಫಿ ಲೋಟವನ್ನು ತಾವೇ ತೊಳೆದಿಟ್ಟರು. ಅವರು ಹಾಗೆ ಮಾಡಿದ್ದನ್ನು ನಾನು ಅದಕ್ಕೆ ಮುಂಚೆಯೂ ಆಮೇಲೂ ನೋಡಿಲ್ಲ. ಹೊರಡುವಾಗ ನನಗೆ, "ಸಮ್ಮೇಳನದ ಸಾರಾಂಶ ವಾಪಸ್ಸು ತಗೋತೀನಿ. ಒಂದೇ ಪ್ರಭೇದ ಅಂತ ಬರಿ," ಎಂದರು. ಅಕ್ಕನ ಕಡೆ ತಿರುಗಿ ಕೈ ಮುಗಿದರು.

"ಅಯ್ಯೋ ಬುಡಿ ಸಾ, ನೀವ್ ದೊಡ್ಡೋರು. ಮೊಗುಚೋದು ಮರ್ತಿದ್ರಿ, ಅಷ್ಟೆಯ."

ಮುಂದಿನ ವರ್ಷ ಅಕ್ಕ ನಿವೃತ್ತರಾದರು. ಹೊಸ ಪ್ರಭೇದಕ್ಕೆ ಅವರ ಹೆಸರನ್ನೇ ಇಡಬೇಕೆಂದು ನಾನೂ ಗೈಡೂ ಮಾತಾಡಿಕೊಂಡೆವು. ಕೇಳಲು ಹೋದರೆ ಅಕ್ಕ ಒಪ್ಪಲಿಲ್ಲ. "ಆ ಏಡಿ ಸತ್ತು ಕೋಟಿ ವರ್ಷ ಆಗದೆ ಅಂತೀರಿ. ಅದ್ರ ತಿಥಿಗೆ ನನ್ ಹೆಸ್ರು ಯಾಕೆ? ಪಿಂಚಣಿ ಕಾಗ್ದದಲ್ಲಿ ಇದ್ರೆ ಸಾಕು." ಕೊನೆಗೆ ಲ್ಯಾಟಿನ್ನಿನಲ್ಲಿ ಮಡಿಲಿಗೆ ಇರುವ ಪದವನ್ನು ಹುಡುಕಿ ಅದನ್ನೇ ಏಡಿಯ ಹೆಸರಿಗೆ ಸೇರಿಸಿದೆವು. ಅರ್ಥ ಹೇಳಿದಾಗ ಅಕ್ಕ, "ಇದು ಬೇಕಾರೆ ಇರ್ಲಿ," ಎಂದರು.

ನನ್ನ ಮೌಖಿಕ ಪರೀಕ್ಷೆ ಮೈಸೂರಿನಲ್ಲಿ. ಅದಕ್ಕೆ ಯಾರು ಬೇಕಾದರೂ ಬಂದು ಕೂರಬಹುದು. ಅಕ್ಕ ರೇಷ್ಮೆ ಸೀರೆ ಉಟ್ಟು ಬಸ್ಸಿನಲ್ಲಿ ಬಂದು ಹಿಂದಿನ ಸಾಲಿನಲ್ಲಿ ಕೂತರು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಎಲ್ಲ ಕೇಳಿ ಮುಗಿಸಿ, ಪದ್ಧತಿಯಂತೆ, "ಸಭಿಕರಲ್ಲಿ ಯಾರಿಗಾದರೂ ಪ್ರಶ್ನೆ ಇದೆಯೇ?" ಎಂದರು. ಸಾಮಾನ್ಯವಾಗಿ ಇರುವುದಿಲ್ಲ, ಎಲ್ಲರ ಗಮನ ಹೊರಗಿನ ಉಪ್ಪಿಟ್ಟಿನ ಮೇಲಿರುತ್ತದೆ. ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು.

"ಇಪ್ಪತ್ತೊಂದ್ ಹೆಣ್ಣು, ಐದೇ ಗಂಡು ಅಂದ್ರಿ. ಒಂದೇ ತಾವು, ಒಂದೇ ಕಿತ ಸತ್ತವು ಅಂದ್ರಿ. ಅವತ್ತು ಗಂಡಸ್ರೆಲ್ಲ ಎಲ್ಲಿಗೋಗಿದ್ರು ಮೇಡಮ್ಮೋರೆ?"

ಇಡೀ ಕೋಣೆ ಗೊಳ್ಳೆಂದಿತು. ಮೊದಲು ನಗು ನಿಲ್ಲಿಸಿದವರು ಪರೀಕ್ಷಕರು. ಪೆನ್ನು ತೆಗೆದು ಪ್ರಶ್ನೆಯನ್ನು ಬರೆದುಕೊಂಡರು. ಆಮೇಲೆ ಗೈಡ್ ನಿಲ್ಲಿಸಿದರು. ಮೂರು ವರ್ಷ ಆ ಏಡಿಗಳ ಜೊತೆ ಕೂತಿದ್ದೆ, ಈ ಪ್ರಶ್ನೆ ನನಗೆ ಹುಟ್ಟಿರಲಿಲ್ಲ.

"ಗೊತ್ತಿಲ್ಲ ಅಕ್ಕ," ಎಂದೆ.

"ಅಂಗಾರೆ ಇನ್ನೂ ಕೆಲ್ಸ ಅದೆ ಅನ್ನಿ," ಎಂದು ಕೂತುಕೊಂಡರು.

ನನಗೆ ಪದವಿ ಬಂತು. ಕಾಯಂ ಕೆಲಸ ಬರಲು ಇನ್ನೂ ನಾಲ್ಕು ವರ್ಷ ಹಿಡಿಯಿತು, ಅದು ಬೇರೆ ಕಥೆ. ಪ್ರತಿ ಬೇಸಿಗೆ ರಜೆಯಲ್ಲಿ ಕೊಲ್ಲಂ ದಡಕ್ಕೆ ಹೋಗಿ ಅಕ್ಕನ ಪ್ರಶ್ನೆ ಹಿಡಿದು ಅಗೆದೆ. ಹೋದ ಬೇಸಿಗೆಯಲ್ಲಿ ಅದೇ ಪದರದಲ್ಲಿ, ಮೊದಲಿನ ಜಾಗದಿಂದ ಇಪ್ಪತ್ತು ಮಾರು ಆಚೆ, ಸಿಕ್ಕವು. ಕಿರಿದಾದ ಬೆನ್ನು, ದೊಡ್ಡ ಕೊಂಡಿ. ಒಂದರ ಮೇಲೊಂದು ಬಿದ್ದ ಗಂಡು ಏಡಿಗಳು. ಮರಿ ಬಿಡುವ ಕಾಲದಲ್ಲಿ ಹೆಣ್ಣುಗಳು ಬೇರೆ ಗುಂಪಾಗಿ ದಡಕ್ಕೆ ಬಂದಿದ್ದಿರಬೇಕು ಎಂದು ನನ್ನ ಊಹೆ. ಇನ್ನೂ ಸಾಬೀತಾಗಿಲ್ಲ.

ವಾಪಸ್ಸು ಬಂದವಳು ಮನೆಗೂ ಹೋಗದೆ ಹುಣಸೂರಿನಲ್ಲೇ ಇಳಿದೆ. ಅಕ್ಕ ಜಗುಲಿಯ ಮಂಚದ ಮೇಲೆ ಮಲಗಿದ್ದರು. ಕಾಲು ಊದಿಕೊಂಡಿತ್ತು, ಉಸಿರು ಹಿಡಿಯುತ್ತಿತ್ತು. ಆದರೆ ಕಣ್ಣಿನಲ್ಲಿ ಆ ಹಳೆಯ ತುಂಟತನ ಹಾಗೇ ಇತ್ತು.

"ಅಕ್ಕ, ಗಂಡಸರು ಸಿಕ್ಕಿದರು."

ಮೊಣಕೈ ಊರಿ ಎದ್ದು ಕೂತರು. "ಎಲ್ಲಿದ್ರು?"

"ಪಕ್ಕದಲ್ಲೇ. ಇಪ್ಪತ್ತು ಮಾರು ಆಚೆ. ಎಲ್ಲಾ ಒಂದೇ ಕಡೆ ಗುಂಪಾಗಿ."

"ಏನ್ ಮಾಡ್ತಿದ್ರು?"

"ಅದು ಕಲ್ಲಿನಲ್ಲಿ ಗೊತ್ತಾಗಲ್ಲ ಅಕ್ಕ."

ಅಕ್ಕ ದಿಂಬಿಗೆ ಒರಗಿಕೊಂಡರು.

"ಏನೂ ಮಾಡ್ತಿರ್ನಿಲ್ಲ ಅಂತ ಬರ್ಕಳಿ."